ದತ್ತು ಮಗು ಬಂದ ಮನೆಗೆ ದೇವಸ್ಥಾನ, ಚರ್ಚ್, ನೆರೆಹೊರೆಯವರು ಹೇಗೆ ನೆರವಾಗಬಹುದು?

ಬಾಣಂತಿಯ ಮನೆಗೆ ಮಾಡುವುದನ್ನೆಲ್ಲ ಈ ಮನೆಗೂ ಮಾಡಿ. ಹೆರಿಗೆಯಾಗಿಲ್ಲ ಎಂದು ಯಾರೂ ಅನ್ನ-ಸಾರು ಕಳುಹಿಸುವುದಿಲ್ಲ. ಆ ತಾಯಿಗೂ ರಾತ್ರಿ ನಿದ್ದೆ ಇರುವುದಿಲ್ಲ ಎಂಬುದು ನೆನಪಿರಲಿ. ನಾಮಕರಣವಿರಲಿ, ದೀಕ್ಷಾಸ್ನಾನವಿರಲಿ, ಸಂಭ್ರಮ ಕಡಿಮೆಯಾಗಬಾರದು. ಅರ್ಚಕರು ಗೋತ್ರ ಕೇಳಿದರೆ ಹಿಂಜರಿಕೆ ಬೇಡ: ದತ್ತಕನಿಗೆ ಹೆತ್ತ ತಂದೆಯ ಗೋತ್ರ ಉಳಿಯುವುದಿಲ್ಲವೆಂದು ಮನುಸ್ಮೃತಿಯೇ ಹೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯೂ ದತ್ತು ಮಗುವಿಗೆ ಸ್ವಂತ ಮಗುವಿನ ಎಲ್ಲ ಹಕ್ಕುಗಳನ್ನು ಕೊಟ್ಟಿದೆ. ‘ಯಾರ ಮಗು?’ ಎಂದು ದಯವಿಟ್ಟು ಕೇಳಬೇಡಿ.

ತಾತ್ಕಾಲಿಕವಾಗಿ ಮಗುವನ್ನು ಸಾಕುವ ಪೋಷಕ ಕುಟುಂಬದ ಕಷ್ಟ ಇನ್ನೂ ಆಳವಾದದ್ದು. ಆ ಮಗು ಮುಂದೆ ಹೆತ್ತವರ ಬಳಿಗೆ ಮರಳಬಹುದು. ‘ನಿಮ್ಮದಲ್ಲವಲ್ಲ, ಬಿಡಿ’ ಎನ್ನದೆ, ಮಗು ಹೊರಟ ವಾರ ಅವರ ಮನೆಗೆ ಹೋಗಿ ಸುಮ್ಮನೆ ಜೊತೆಗೆ ಕುಳಿತುಕೊಳ್ಳಿ.