ಕಪ್ಪು ಕಾರಿನ ಗೀರು: ಮೊದಲು ಆ ಒಣಬಟ್ಟೆ ಬಿಡಿ

ಪ್ರಶ್ನೆ: ಸರ್, ನನ್ನದು ಕಪ್ಪು ಬಣ್ಣದ ಕಾರು. ನೆರಳಲ್ಲಿ ನಿಂತಾಗ ಚೆನ್ನಾಗೇ ಕಾಣುತ್ತದೆ. ಬಿಸಿಲಿಗೆ ತಂದರೆ ಬಾನೆಟ್ ತುಂಬಾ ಜೇಡರ ಬಲೆಯ ಹಾಗೆ ಸಣ್ಣ ಗೀರುಗಳು. ಎಲ್ಲೂ ತಾಗಿಸಿಲ್ಲ, ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ. ಆದರೂ ಯಾಕೆ ಹೀಗೆ? ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತೆ ಅಂತಾರೆ, ನಿಜವಾ?

ಉತ್ತರ: ಆ ದಿನಾ ಒರೆಸುವುದೇ ಕಾರಣ. ಬಟ್ಟೆ ಎಷ್ಟೇ ಮೆತ್ತಗಿರಲಿ, ಕಾರಿನ ಮೇಲೆ ಕೂತ ಧೂಳು ಮೆತ್ತಗಿರುವುದಿಲ್ಲ. ಅದರಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ, ಒಣಬಟ್ಟೆ ಅವನ್ನು ಬಣ್ಣದ ಮೇಲೆ ಒತ್ತಿ ಎಳೆದುಕೊಂಡು ಹೋಗುತ್ತದೆ. ಬಿಳಿ ಕಾರಿನಲ್ಲೂ ಇಷ್ಟೇ ಗೀರು ಇರುತ್ತದೆ, ಆದರೆ ಗೀರಿನ ಅಂಚಿನಿಂದ ಚದುರುವ ಬೆಳಕು ಬೆಳ್ಳಗಿರುವುದರಿಂದ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ, ಕಪ್ಪಿನ ಮೇಲೆ ಎದ್ದು ಕಾಣುತ್ತದೆ.

ಇನ್ನೊಂದು ವಿಷಯ ಗಮನಿಸಿ. ಈ ಗೀರುಗಳು ನಿಜಕ್ಕೂ ಗುಂಡಗಿಲ್ಲ, ದಿಕ್ಕಿಗೊಂದರಂತೆ ಇವೆ. ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಮಿನುಗುವುದರಿಂದ ಸೂರ್ಯನ ಬಿಂಬದ ಸುತ್ತ ಉಂಗುರದಂತೆ ಕಾಣುತ್ತವೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ಬಲೆಯೂ ನಿಮ್ಮ ಜತೆಗೇ ಸರಿಯುತ್ತದೆ. ಅಂದರೆ ಬಾನೆಟ್ ಪೂರ್ತಿ ಗೀರಿದೆ, ಒಂದೇ ಜಾಗದಲ್ಲಿ ಅಲ್ಲ.

ಹೋಗಿಸಬಹುದು. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಪಾರದರ್ಶಕ ಪದರ ಇರುತ್ತದೆ, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ. ನಿಮ್ಮ ಗೀರುಗಳು ಅದರ ಮೇಲ್ಮೈಯಲ್ಲೇ ಇವೆ. ಪಾಲಿಶ್ ಮಾಡಿದರೆ ಗೀರು ತುಂಬಿಕೊಳ್ಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗಲ್ಲ, ಸುತ್ತಲಿನ ಪದರವನ್ನು ಗೀರಿನ ತಳದ ಮಟ್ಟಕ್ಕೆ ಸವೆಸುತ್ತೇವೆ ಅಷ್ಟೇ. ಸವೆದದ್ದು ಮತ್ತೆ ಬರುವುದಿಲ್ಲ. ಹಾಗಾಗಿ ಹಬ್ಬಕ್ಕೊಮ್ಮೆ ಪಾಲಿಶ್ ಹೊಡೆಸುವ ಅಭ್ಯಾಸ ಬೇಡ.

ಕಾರನ್ನು ಚೆನ್ನಾಗಿ ತೊಳೆದು, ಅಂಟಿಕೊಂಡ ಕೊಳೆಯನ್ನು ಜೇಡಿಮಣ್ಣಿನಂಥ ಮೆತ್ತನೆ ಉಂಡೆಯಾದ ಕ್ಲೇ ಬಾರ್‌ನಿಂದ ತೆಗೆದು, ಆಮೇಲೆ ಅತಿ ನುಣುಪಾದ ಫಿನಿಶಿಂಗ್ ಪಾಲಿಶ್‌ನಿಂದ ಒಂದಡಿ ಜಾಗದಲ್ಲಿ ಮಾತ್ರ ಪ್ರಯತ್ನಿಸಿ. ಅಷ್ಟರಲ್ಲೇ ಹೋದರೆ ಒರಟಾದದ್ದು ಯಾಕೆ ಬೇಕು? ಮಷೀನ್ ಬಳಸುವುದಾದರೆ, ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುವ ಡ್ಯುಯಲ್ ಆಕ್ಷನ್ ಪಾಲಿಶರ್ ತಗೊಳ್ಳಿ. ಒಂದೇ ಸಮನೆ ಗಿರಗಿರ ತಿರುಗುವ ರೋಟರಿ ಮಷೀನ್ ಒಂದೇ ಕಡೆ ಬಿಸಿಯಾಗಿ ಅಂಚುಗಳಲ್ಲಿ ಪದರವನ್ನೇ ಸುಟ್ಟುಬಿಡಬಹುದು, ಹೊಸಬರ ಕೈಗೆ ಅದು ಬೇಡವೇ ಬೇಡ. ಟೂತ್‌ಪೇಸ್ಟ್ ಕೂಡ ಬೇಡ. ಅದರ ಕಣಗಳು ಹಲ್ಲಿಗಾಗಿ ಮಾಡಿದ್ದು, ಕಪ್ಪು ಬಣ್ಣದ ಮೇಲೆ ಒಂದು ಗೀರು ತೆಗೆದು ಮಂಜು ಕವಿದಂಥ ಕಲೆ ಬಿಡುತ್ತದೆ.

ಪ್ರಶ್ನೆ: ಯಾರೋ ಕೀಲಿಯಿಂದ ಬಾಗಿಲ ಮೇಲೆ ಉದ್ದಕ್ಕೆ ಗೀಚಿದ್ದಾರೆ. ಪಾಲಿಶ್‌ನಲ್ಲಿ ಹೋಗುತ್ತಾ?

ಉತ್ತರ: ಉಗುರನ್ನು ಗೀರಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಪಾಲಿಶ್ ನಂಬಬೇಡಿ. ಬೆಳ್ಳಗೆ ಪ್ರೈಮರ್ (ಬಣ್ಣದ ಅಡಿಯ ಪದರ) ಅಥವಾ ಲೋಹ ಕಂಡರೆ ಟಚ್‌ಅಪ್ ಪೇಂಟ್ ಬೇಗ ಹಚ್ಚಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಕಪ್ಪಿನಲ್ಲೂ ಹತ್ತಾರು ಬಗೆ ಇದೆ, ಸುಮ್ನೆ ಕಪ್ಪು ಅಂತ ಕೇಳಿ ತರಬೇಡಿ. ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಇರುವ ಪಟ್ಟಿಯಲ್ಲಿ ಬಣ್ಣದ ಕೋಡ್ ಸಿಗುತ್ತದೆ. ಉದ್ದದ ಗೀರಾದರೆ ಬಾಗಿಲಿಗೆ ಹೊಸದಾಗಿ ಪೇಂಟ್ ಮಾಡಿಸುವುದೇ ಸರಿ.

ಪ್ರಶ್ನೆ: ಹಾಗಾದರೆ ಕಾರನ್ನು ತೊಳೆಯೋದು ಹೇಗೆ? ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರು ಬೀಳೋದೇ ಇಲ್ವಾ?

ಉತ್ತರ: ಮೊದಲು ಕೈ ಮುಟ್ಟಿಸದೆ ಬರೀ ನೀರಿನಿಂದ ಧೂಳು ಇಳಿಸಿ. ಇದೇ ಮುಖ್ಯ, ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕೈಗವಸಿನಂಥ ಮೈಕ್ರೋಫೈಬರ್ ಮಿಟ್‌ನಿಂದ ಮೇಲಿಂದ ಕೆಳಕ್ಕೆ ಬನ್ನಿ, ಪ್ರತಿ ಭಾಗ ಆದಮೇಲೂ ಮಿಟ್ ಅನ್ನು ಬರೀ ನೀರಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಿ. ಆ ನೀರು ಚೆಲ್ಲುವಾಗ ಬಕೆಟ್ ತಳ ನೋಡಿ, ಕೆಸರಿನಂತೆ ಕೂತಿರುವುದೆಲ್ಲ ಇಲ್ಲದಿದ್ದರೆ ನಿಮ್ಮ ಬಾನೆಟ್ ಮೇಲೆ ಓಡಾಡುತ್ತಿತ್ತು. ಚಕ್ರಕ್ಕೆ ಬೇರೆ ಬಟ್ಟೆ ಇರಲಿ. ಬಟ್ಟೆ ನೆಲಕ್ಕೆ ಬಿದ್ದರೆ ಒಗೆಯದೆ ಮತ್ತೆ ಬಳಸಬೇಡಿ. ಒರೆಸುವಾಗ ಉಜ್ಜದೆ ದೊಡ್ಡ ಟವೆಲ್ ಹಾಸಿ ನೀರು ಹೀರಿಸಿ. ಧೂಳಿರುವ ಕಾರಿಗೆ ಕವರ್ ಹೊದಿಸಲೂಬೇಡಿ, ಗಾಳಿಗೆ ಆಡುವ ಕವರ್ ಇಡೀ ರಾತ್ರಿ ಉಜ್ಜುತ್ತಿರುತ್ತದೆ.

ಸೆರಾಮಿಕ್ ಕೋಟಿಂಗ್ ಅಂದರೆ ಬಣ್ಣದ ಮೇಲೆ ಹಚ್ಚುವ ರಕ್ಷಣೆಯ ಲೇಪ, ಬಹಳ ತೆಳು, ಒಂದೆರಡು ಮೈಕ್ರಾನ್ ಅಷ್ಟೇ. ಕೊಳೆ ಅಂಟುವುದು ಕಮ್ಮಿಯಾಗುತ್ತದೆ, ತೊಳೆಯುವುದು ಸುಲಭ. ಗೀರು ತಡೆಯುತ್ತೆ ಅಂತ ಮಾರಿದರೆ ನಂಬಬೇಡಿ. ಗೀರು ತಡೆಯಲು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಎಂಬ ದಪ್ಪ ಫಿಲ್ಮ್ ಬೇಕು. ಪೂರ್ತಿ ಕಾರಿಗೆ ದುಬಾರಿ ಅನಿಸಿದರೆ ಬಾನೆಟ್ ಮತ್ತು ಬಂಪರ್‌ಗಾದರೂ ಹಾಕಿಸಿ. ಹಾಕಿಸುವ ಮುಂಚೆಯೇ ಗೀರು ತೆಗೆಸಬೇಕು, ಇಲ್ಲದಿದ್ದರೆ ಅವೂ ಒಳಗೇ ಉಳಿಯುತ್ತವೆ.

ಪ್ರಶ್ನೆ: ಗೇರ್ ಪಕ್ಕದ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಹೊಸ ಕಾರಲ್ಲೇ ಗೀರಾಗಿದೆ. ಇದಕ್ಕೂ ಅದೇ ಪಾಲಿಶ್ ಆಗುತ್ತಾ?

ಉತ್ತರ: ಬೇಡ. ಪಿಯಾನೋ ಬ್ಲ್ಯಾಕ್ ಅನ್ನುವ ಈ ಪ್ಲಾಸ್ಟಿಕ್ ಬಣ್ಣಕ್ಕಿಂತ ನಾಜೂಕು, ಮಷೀನಿನ ಬಿಸಿ ತಡೆಯುವುದಿಲ್ಲ. ಪ್ಲಾಸ್ಟಿಕ್ ಪಾಲಿಶ್ ಒಂದು ಹನಿ ಹಾಕಿ ಬೆರಳಲ್ಲಿ ಹಗುರವಾಗಿ ಉಜ್ಜಿ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಹತ್ತಿರ ತರಬೇಡಿ. ಆಮೇಲೆ ಅಳತೆಗೆ ಕತ್ತರಿಸಿದ ಪಾರದರ್ಶಕ ಫಿಲ್ಮ್ ಅಂಟಿಸಿಬಿಡಿ, ಫಿಲ್ಮ್ ಗೀರಾದಾಗ ಕಿತ್ತು ಬೇರೆಯದು ಹಾಕಿದರೆ ಆಯ್ತು.