ಪೂಲ್ ಪೇಂಟ್ ಎರಡೇ ವರ್ಷಕ್ಕೆ ಪುಡಿಯಾಗಿ ಕೈಗೆ ಹತ್ತುತ್ತಿದೆ. ಕ್ಲೋರಿನ್ ಮಾತ್ರೆ ತಪ್ಪದೆ ಹಾಕ್ತೀವಿ. ಈ ಸಲ ಯಾವ ಕಂಪನಿಯ ಪೇಂಟ್ ಹೊಡೆಸಲಿ?

ಕೈಗೆ ಹತ್ತೋ ಆ ನೀಲಿ ನನಗೆ ಚೆನ್ನಾಗಿ ಗೊತ್ತು. ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ತೋಟದ ಅಂಚಿನಲ್ಲಿ 40 ಸಾವಿರ ಲೀಟರಿನ ಪೂಲ್. ಎಪಾಕ್ಸಿ ಪೇಂಟ್ ಹೊಡೆಸಿ 14 ತಿಂಗಳಾಗಿತ್ತು ಅಷ್ಟೆ. ಒಂದು ಭಾನುವಾರ ಮೆಟ್ಟಿಲ ಮೇಲೆ ಕೂತಿದ್ದ ಪುಟ್ಟ ಹುಡುಗ ಎದ್ದು ಓಡಿದ. ಬಿಳಿ ಚಡ್ಡಿಯ ಹಿಂದೆ ಎರಡು ದೊಡ್ಡ ನೀಲಿ ಮಚ್ಚೆ. ಅವನ ಅಮ್ಮ ಚಡ್ಡಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಮೆಟ್ಟಿಲು ಸವರಿದೆ. ಸುಣ್ಣ ಹೊಡೆದ ಗೋಡೆಗೆ ಒರಗಿದರೆ ಬೆನ್ನಿಗೆ ಬರುತ್ತಲ್ಲ, ಹಾಗೆ ಅಂಗೈ ತುಂಬ ಪುಡಿ.

ನಾನೂ ಪೇಂಟರ್‌ಗೆ ಫೋನ್ ಮಾಡಿ ಬೈದೆ. ಅವನು ಕಂಪನಿಗೆ ಬೈದ. ನೀರಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ನಮ್ಮ ಪೂಲಿಗೆ ಬರೋದು ಹಳ್ಳದ ನೀರು. ಮೆದು ನೀರು, ಸ್ವಲ್ಪ ಸೋಪಿಗೇ ನೊರೆಯೋ ನೊರೆ. ಅದರಲ್ಲಿ ಕ್ಯಾಲ್ಸಿಯಂ ಕಮ್ಮಿ, ಆಲ್ಕಲಿನಿಟಿಯೂ ಕಮ್ಮಿ. ಪಿಎಚ್ ಅಂದರೆ ಹುಳಿಯ ಅಳತೆ, ಇಳಿದಷ್ಟೂ ನೀರು ಹುಳಿ. ಹುಳಿ ಬಿದ್ದರೂ ಪಿಎಚ್ ಕುಸಿಯದ ಹಾಗೆ ತಡೆದು ನಿಲ್ಲಿಸೋದೇ ಈ ಆಲ್ಕಲಿನಿಟಿ. ಇದ್ದ ಚೂರುಪಾರನ್ನೂ ಮಲೆನಾಡಿನ ಮಳೆ ತೆಳ್ಳಗೆ ಮಾಡಿತ್ತು. ಅದರ ಮೇಲೆ ನೀವು ಹಾಕೋ ಥರದ್ದೇ ಕ್ಲೋರಿನ್ ಮಾತ್ರೆ, ಟಿಸಿಸಿಎ ಅಂತಾರೆ. ತೇಲೋ ಡಬ್ಬಿಯಲ್ಲಿಟ್ಟರೆ ನಿಧಾನ ಕರಗುತ್ತೆ, ತಲೆನೋವಿಲ್ಲ. ಆದರೆ ಅದು ಕರಗಿದ ನೀರಿನ ಪಿಎಚ್ 3ರ ಆಸುಪಾಸು. ಹುಣಸೆಹುಳಿ ಅಂತಲೇ ಅಂದುಕೊಳ್ಳಿ.

ಇಷ್ಟಾದರೂ ಪೇಂಟ್ ಇನ್ನೊಂದೆರಡು ವರ್ಷ ಎಳೀತಿತ್ತೇನೋ. ಕೆಡಿಸಿದ್ದು ನಾನೇ. ಪ್ರತಿ ಶನಿವಾರ ಕಿಟ್ ಹಿಡಿದು ಟೆಸ್ಟ್ ಮಾಡ್ತಿದ್ದೆ. ಮಾತ್ರೆ ಡಬ್ಬಿಯನ್ನು ಮೆಟ್ಟಿಲ ಕಂಬಿಗೆ ಕಟ್ಟಿದ್ದೆ. ಬಗ್ಗಿದರೆ ಪಂಚೆ ಒದ್ದೆಯಾಗದ ಜಾಗ ಅಂತ ನೀರೂ ಅಲ್ಲಿಂದಲೇ ತೆಗೀತಿದ್ದೆ. ಕ್ಲೋರಿನ್ ಟ್ಯೂಬ್ ಕಡು ಕಿತ್ತಳೆ ಆಗೋದು. ಜಾಸ್ತಿ ಇದ್ದಷ್ಟು ಒಳ್ಳೇದಲ್ವಾ ಅಂತ ಖುಷಿ. ಪಿಎಚ್ ಟ್ಯೂಬಿಗೆ ಕೆಂಪು ಹನಿ ಬಿಟ್ಟರೆ ನೇರಳೆ ಬಣ್ಣ ಬರೋದು. ಚಾರ್ಟಿನಲ್ಲಿ ಮೇಲಕ್ಕೆ ಹೋದಷ್ಟೂ ಕೆಂಪು. ನೇರಳೆ ಅಂದರೆ ಅದಕ್ಕಿಂತಲೂ ಮೇಲೆ, ಪಿಎಚ್ ವಿಪರೀತ ಏರಿದೆ ಅಂತ ಲೆಕ್ಕ ಹಾಕಿ ಒಂದು ಲೋಟ ಆಸಿಡ್ ಸುರಿದೆ. ಮುಂದಿನ ಶನಿವಾರ ಮತ್ತೆ ನೇರಳೆ. ಮತ್ತೆ ಒಂದು ಲೋಟ. ಹೀಗೆ ಎರಡು ತಿಂಗಳು.

ಆ ಕೆಂಪು ಹನಿ ಫೀನಾಲ್ ರೆಡ್. ಮಾತ್ರೆ ಡಬ್ಬಿ ಪಕ್ಕ ತೆಗೆದ ನನ್ನ ನೀರಿನ ಹಾಗೆ ಕ್ಲೋರಿನ್ ವಿಪರೀತ ಇದ್ದರೆ ಅದು ಬೇರೆಯೇ ಬಣ್ಣದ ವಸ್ತುವಾಗಿಬಿಡುತ್ತೆ. ಆ ವಸ್ತು ಪಿಎಚ್ 7ಕ್ಕಿಂತ ಕೆಳಗಿದ್ದರೂ ನೇರಳೆ ತೋರಿಸುತ್ತೆ. ಅಂದರೆ ಹುಳಿಯಾಗಿದ್ದ ನೀರಿಗೇ ನಾನು ವಾರವಾರ ಹುಳಿ ಹಿಂಡಿದ್ದು! ಪಂಪ್ ರಿಪೇರಿಗೆ ಬಂದ ಹಾಸನದ ಮೆಕ್ಯಾನಿಕ್ ಒಬ್ಬರು ತೋರಿಸಿದರು. ಟ್ಯೂಬಿನ ನೀರಿಗೆ ಮೊದಲು ಒಂದು ಹನಿ ಥಯೋಸಲ್ಫೇಟ್ ಬಿಟ್ಟರು, ಕ್ಲೋರಿನ್ ಸತ್ತಿತು. ಆಮೇಲೆ ಕೆಂಪು ಹನಿ. ಟ್ಯೂಬ್ ಅಚ್ಚ ಹಳದಿ. ಚಾರ್ಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಪಿಎಚ್‌ನ ಚೌಕ. "ನೀರು ಕೆಟ್ಟಿದೆ ಸಾರ್, ಪೇಂಟಿಗೆ ಯಾಕೆ ಬೈತೀರಾ" ಅಂದರು.

ಪೇಂಟ್ ಅಂದರೆ ಬಣ್ಣದ ಪುಡಿ, ಅದನ್ನು ಹಿಡಿದಿಟ್ಟಿರೋ ಒಂದು ಅಂಟು. ಹುಳಿ ನೀರು, ಜಾಸ್ತಿ ಕ್ಲೋರಿನ್, ಬಿಸಿಲು ಮೂರೂ ಸೇರಿ ಆ ಅಂಟನ್ನು ತಿನ್ನುತ್ತವೆ. ಪುಡಿ ಮಾತ್ರ ಉಳಿಯುತ್ತೆ. ನಮ್ಮಲ್ಲಿ ಮೊದಲು ಹೋಗಿದ್ದು ಮೆಟ್ಟಿಲು. ಡಬ್ಬಿ ಕಟ್ಟಿದ್ದೂ ಅಲ್ಲೇ, ನೀರು ಕಮ್ಮಿ ಇದ್ದು ಬಿಸಿಲು ನೇರ ಬೀಳೋದೂ ಅಲ್ಲೇ. ಎಪಾಕ್ಸಿಗೆ ಬಿಸಿಲು ಮೊದಲೇ ಆಗಿಬರಲ್ಲ, ಹಾಗಾಗಿ ಕೆಲವು ವರ್ಷಕ್ಕೆ ಸ್ವಲ್ಪ ಪುಡಿ ಬಂದರೆ ಗಾಬರಿ ಬೇಡ.

ಹಾಗಾಗಿ ಕಂಪನಿ ಹೆಸರು ನಾನು ಹೇಳಲ್ಲ. ಇದೇ ನೀರಿಗೆ ಎಷ್ಟು ದುಬಾರಿ ಪೇಂಟ್ ಹೊಡೆಸಿದರೂ ದುಡ್ಡು ದಂಡ. ಮೊದಲು ನೀರು ನೋಡಿ. ಪಿಎಚ್ 7.2ರಿಂದ 7.6, ಆಲ್ಕಲಿನಿಟಿ 80ರಿಂದ 120 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ), ಕ್ಯಾಲ್ಸಿಯಂ ಗಡಸುತನ 200ಕ್ಕೆ ಕಮ್ಮಿ ಬೇಡ. ಆಲ್ಕಲಿನಿಟಿ ಏರಿಸೋಕೆ ಅಡುಗೆ ಸೋಡಾ ಸಾಕು. ಒಂದು ಲಕ್ಷ ಲೀಟರಿಗೆ 10 ಪಿಪಿಎಂ ಏರಬೇಕಾದರೆ ಸುಮಾರು 1.7 ಕಿಲೋ. ನನ್ನ ಪೂಲಿನಲ್ಲಿ 30 ಇದ್ದಿದ್ದು 100ಕ್ಕೆ ಬರೋಕೆ ಹತ್ತಿರ ಹತ್ತಿರ ಐದು ಕಿಲೋ ಹಿಡಿಯಿತು. ಅಷ್ಟು ಸೋಡಾ ಒಟ್ಟಿಗೆ ಕೇಳಿದಾಗ ಅಂಗಡಿಯವರು ಮದುವೆ ಮನೆ ಬೋಂಡಾಕ್ಕಾ ಅಂದಿದ್ದರು.

ನಿಮ್ಮದು ಗಡಸು ಬೋರ್‌ವೆಲ್ ನೀರಾದರೆ ಕಥೆ ಉಲ್ಟಾ ಇರಬಹುದು. ಬಿಳಿ ಪುಡಿಯನ್ನು ಕೆರೆದು ಆಸಿಡ್ ಹನಿ ಬಿಡಿ. ಬುಸ್ ಅಂತ ನೊರೆ ಬಂದರೆ ಅದು ಪೇಂಟಲ್ಲ, ನೀರಿನ ಸುಣ್ಣ. ಗುಳ್ಳೆ ಎದ್ದಿದ್ದರೆ ಅದೂ ಬೇರೆ, ಹೆಚ್ಚಾಗಿ ಗೋಡೆಯೊಳಗಿನ ತೇವ.

ಹೊಡೆಸಲೇಬೇಕು ಅಂದರೆ ಪುಡಿಯೆಲ್ಲ ಉಜ್ಜಿ ತೆಗೆಸಿ, ಇಲ್ಲದಿದ್ದರೆ ಹೊಸ ಪೇಂಟ್ ಪುಡಿಗೇ ಅಂಟುತ್ತೆ. ಹಳೇದು ಕ್ಲೋರಿನೇಟೆಡ್ ರಬ್ಬರ್ ಅನ್ನೋ ಥರದ ಪೇಂಟ್ ಆಗಿದ್ದರೆ ಅದರ ಮೇಲೆ ಎಪಾಕ್ಸಿ ಬೇಡವೇ ಬೇಡ. ಹೊಡೆದ ಮೇಲೆ ಒಂದು ವಾರ ಒಣಗಲಿ, ಅತಿಥಿಗಳು ಕಾಯಲಿ.

ಈಗ ಡಬ್ಬಿ ಪೂಲಿನ ನಡುವೆ ತೇಲುತ್ತೆ. ಟೆಸ್ಟ್ ನೀರನ್ನು ಆಚೆ ಬದಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ತೆಗೀತೀನಿ, ಪಂಚೆ ಒದ್ದೆಯಾದರೂ ಸರಿ. ಮೆಟ್ಟಿಲಿಗೆ ಮಾತ್ರ ಮತ್ತೆ ಪೇಂಟ್ ಹೊಡೆಸೋ ಧೈರ್ಯ ಬರಲಿಲ್ಲ, ಟೈಲ್ಸ್ ಹಾಕಿಸಿಬಿಟ್ಟೆ.