ವನ್ಯಜೀವಿ, ಪ್ರಾಚೀನ ಬಂಡೆಚಿತ್ರ ಎರಡನ್ನೂ ಒಟ್ಟಿಗೆ ನೋಡಲು ಆಫ್ರಿಕಾದಲ್ಲಿ ಎಲ್ಲಿಗೆ ಹೋಗಬೇಕು?

ಅರವತ್ತು ದಾಟಿದ ಅಪ್ಪ-ಅಮ್ಮನ ಜೊತೆ ಹೊರಟಿದ್ದೀರಿ, ಪ್ರಾಣಿಗಳೂ ಕಾಣಬೇಕು, ಸಾವಿರಾರು ವರ್ಷ ಹಳೆಯ ಚಿತ್ರಗಳೂ ಸಿಗಬೇಕು, ಅದೂ ಒಂದೇ ಉದ್ಯಾನದಲ್ಲಿ ಎಂದು ಕೇಳಿದ್ದೀರಿ. ನಾನು ಹೋಗಿಬಂದ ಜಾಗಗಳಲ್ಲಿ ಕಣ್ಣುಮುಚ್ಚಿ ಹೇಳಬಹುದಾದದ್ದು ಜಿಂಬಾಬ್ವೆಯ ಮಟೋಬೊ ರಾಷ್ಟ್ರೀಯ ಉದ್ಯಾನ. ಬುಲವಾಯೊ ನಗರದಿಂದ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ದೂರ. 2003ರಲ್ಲಿ ಮಟೋಬೊ ಬೆಟ್ಟಸಾಲು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮೊದಲೇ ಒಂದು ಮಾತು: ಸಿಂಹ ನೋಡಲೇಬೇಕೆಂದಿದ್ದರೆ ಇಲ್ಲಿಗೆ ಬರಬೇಡಿ, ಅದೇ ದೇಶದ ಹ್ವಾಂಗೆ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಆನೆ ಹಿಂಡುಗಳಿಗೂ ಅದೇ ಜಾಗ. ಮಟೋಬೊದ ಹೆಗ್ಗಳಿಕೆ ಘೇಂಡಾಮೃಗ, ಚಿರತೆ, ಹದ್ದು. ಹಂಪಿ-ಆನೆಗೊಂದಿಯ ಬಂಡೆಗಳನ್ನು ಕಂಡವರಿಗೆ ಈ ನೆಲ ಅಪರಿಚಿತ ಅನ್ನಿಸುವುದಿಲ್ಲ. ಇಲ್ಲೂ ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಕೂತಿವೆ, ಸಂದಿಗಳಲ್ಲಿ ಮರ ಬೆಳೆದಿದೆ. ಆ ಸಂದಿಗಳಲ್ಲಿ ಡಾಸಿ ಎಂಬ ಮೊಲದಷ್ಟು ದೊಡ್ಡ ಪ್ರಾಣಿ ವಾಸಿಸುತ್ತದೆ. ಅದನ್ನು ಹಿಡಿಯಲು ವೆರೋ ಹದ್ದು ಎಂಬ ದೊಡ್ಡ ಕಪ್ಪು ಹದ್ದು ಬರುತ್ತದೆ. ಇಷ್ಟು ಒತ್ತೊತ್ತಾಗಿ ಈ ಹದ್ದುಗಳು ಗೂಡು ಕಟ್ಟುವ ಜಾಗ ಬೇರೆ ಸಿಗುವುದು ಕಷ್ಟ. 1960ರ ದಶಕದಿಂದ ಸ್ವಯಂಸೇವಕರು ಅವುಗಳ ಗೂಡುಗಳ ಲೆಕ್ಕ ಇಡುತ್ತಲೇ ಇದ್ದಾರೆ.

ಘೇಂಡಾಮೃಗಗಳನ್ನು ಗೈಡ್ ಜೊತೆ ನಡೆದುಕೊಂಡೇ ಹೋಗಿ ನೋಡಬಹುದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ಕರೆದೊಯ್ಯುತ್ತಾರೆ. ಸದ್ದು ಮಾಡದೆ ನಿಂತರೆ ಹುಲ್ಲು ಕಿತ್ತು ಜಗಿಯುವ ಸದ್ದು ಕಿವಿಗೆ ಬೀಳುತ್ತದೆ. ಕೊಂಬಿನ ಜಾಗದಲ್ಲಿ ಮೊಂಡು ಬುಡ ಕಂಡರೆ ಗಾಬರಿಯಾಗಬೇಡಿ, ಬೇಟೆಗಾರರಿಗೆ ಆಸೆಯೇ ಹುಟ್ಟದಿರಲೆಂದು ಅರಣ್ಯ ಸಿಬ್ಬಂದಿಯೇ ಅರಿವಳಿಕೆ ಕೊಟ್ಟು ಕತ್ತರಿಸಿರುತ್ತಾರೆ. ಉಗುರಿನ ಹಾಗೆ ಅದು ಮತ್ತೆ ಬೆಳೆಯುತ್ತದೆ. ಬಿಳಿ ಘೇಂಡಾಮೃಗ ಈ ದೇಶದಲ್ಲಿ ಪೂರ್ತಿ ನಿರ್ನಾಮವಾಗಿತ್ತು. 1960ರ ದಶಕದಲ್ಲಿ ದಕ್ಷಿಣ ಆಫ್ರಿಕಾದಿಂದ ತಂದು ಬಿಟ್ಟರು. ಉದ್ಯಾನದಲ್ಲಿ ವೈಟ್ ರೈನೊ ಶೆಲ್ಟರ್ ಎಂಬ ಬಂಡೆಮರೆಯಿದೆ. ಅಲ್ಲಿ ತೆಳ್ಳನೆಯ ಗೆರೆಗಳಲ್ಲಿ ಘೇಂಡಾಮೃಗದ ಆಕೃತಿ ಇದೆ. ಪ್ರಾಣಿ ಮಾಯವಾಗಿದ್ದ ಅಷ್ಟೂ ವರ್ಷ ಚಿತ್ರ ಮಾತ್ರ ಅಲ್ಲೇ ಇತ್ತು. ಹಾಗಾಗಿ ಬೆಳಿಗ್ಗೆ ಪ್ರಾಣಿ, ಮಧ್ಯಾಹ್ನ ಚಿತ್ರ ಎಂದು ಬೇರೆ ಮಾಡಬೇಡಿ. ಎರಡನ್ನೂ ಒಟ್ಟಿಗೇ ನೋಡಿದರೆ ಮಾತ್ರ ಈ ಬೆಟ್ಟಗಳು ಅರ್ಥವಾಗುತ್ತವೆ.

ಚಿತ್ರ ಬರೆದವರು ಬೇಟೆ, ಗೆಡ್ಡೆಗೆಣಸುಗಳಿಂದ ಬದುಕುತ್ತಿದ್ದ ಸಾನ್ ಜನರ ಪೂರ್ವಜರು. ಬಣ್ಣ ಬಹುಪಾಲು ಕೆಮ್ಮಣ್ಣಿನದು. ಬೆಟ್ಟಸಾಲಿನಲ್ಲಿ ಇಂಥ ಸಾವಿರಾರು ತಾಣಗಳಿವೆ. ಒಂದೇ ನೋಡಲು ಸಮಯವಿದ್ದರೆ ನ್ಸ್ವಾಟುಗಿ ಗುಹೆ ನೋಡಿ. ಸ್ವಲ್ಪ ಏರು ಇದೆ, ಆದರೆ ನಿಧಾನಕ್ಕೆ ಹತ್ತಬಹುದು. ಅಲ್ಲಿನ ಜಿರಾಫೆಗಳನ್ನು ನೋಡಿ ನಾನು ಸುಮ್ಮನೆ ನಿಂತುಬಿಟ್ಟೆ. ಓಟದ ಲಯ ಕಾಲುಗಳಲ್ಲಿ ಕಾಣುತ್ತದೆ. ಪಕ್ಕದಲ್ಲಿ ಕುಡು ಜಿಂಕೆ, ಜೀಬ್ರಾ. ದಿನವಿಡೀ ಆ ಪ್ರಾಣಿಗಳ ಹಿಂದೆ ಅಲೆದವರ ಕೈಯಿಂದಲ್ಲದೆ ಹೀಗೆ ಮೂಡಲು ಸಾಧ್ಯವಿಲ್ಲ.

ಇನ್ನೊಂದು ವಿಚಿತ್ರ ಆಕೃತಿಯನ್ನು ತಪ್ಪದೆ ಹುಡುಕಿ: ಉದ್ದನೆಯ ಮೊಟ್ಟೆಗಳನ್ನು ಒತ್ತಾಗಿ ಜೋಡಿಸಿಟ್ಟಂತೆ ಕಾಣುತ್ತದೆ. ಫಾರ್ಮ್‌ಲಿಂಗ್ ಎನ್ನುತ್ತಾರೆ. ಜೇನುಗೂಡು, ಬಂಡೆರಾಶಿ, ಕಣಜ ಎಂದೆಲ್ಲ ಹೇಳಿದವರಿದ್ದಾರೆ. ಜಿಂಬಾಬ್ವೆಯವರೇ ಆದ ಪುರಾತತ್ತ್ವಜ್ಞ ಸಿಯಾಖಾ ಮ್ಗುನಿ ಇದು ಗೆದ್ದಲ ಗೂಡಿನ ಒಳಭಾಗದ ಚಿತ್ರ ಎನ್ನುತ್ತಾರೆ. ನನಗೆ ಇದೇ ಒಪ್ಪುವ ಮಾತು. ಮಳೆ ಬಿದ್ದಾಗ ಹುತ್ತದಿಂದ ಏಳುವ ಈಸಲು ಹುಳುಗಳನ್ನು ಹುರಿದು ತಿಂದ ನಮ್ಮ ಹಳ್ಳಿಯವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುತ್ತವೆಂದರೆ ಹಸಿದವರಿಗೆ ಉಗ್ರಾಣ. ಫಾರ್ಮ್‌ಲಿಂಗ್‌ಗಳ ದೊಡ್ಡ ಚಿತ್ರಗಳಿರುವ ಇನಾಂಕೆ ಗುಹೆಗೆ ಮಾತ್ರ ಇಡೀ ದಿನದ ಚಾರಣ. ಅಪ್ಪ-ಅಮ್ಮನಿಗೆ ಬೇಡ, ನೀವು ಹೋಗಿ.

ಅವರಿಗೆ ಪೊಮೊಂಗ್ವೆ ಗುಹೆ ಸುಲಭ. ಅಲ್ಲೊಂದು ಚಿಕ್ಕ ಮ್ಯೂಸಿಯಂ ಇದೆ. ಗೋಡೆ ನೋಡಿದರೆ ಸಂಕಟವಾಗುತ್ತದೆ. ಚಿತ್ರ ಕಾಪಾಡುವ ಉದ್ದೇಶದಿಂದಲೇ 1920ರ ದಶಕದಲ್ಲಿ ಎಣ್ಣೆಯಂಥ ದ್ರವ ಬಳಿದರು, ಈಗ ಬಹುಭಾಗ ಕಂದು ಕಲೆ. ದಯವಿಟ್ಟು ಯಾವ ಚಿತ್ರವನ್ನೂ ಮುಟ್ಟಬೇಡಿ. ಫೋಟೊದಲ್ಲಿ ಬಣ್ಣ ಎದ್ದು ಕಾಣಲೆಂದು ನೀರು ಚಿಮುಕಿಸುವವರನ್ನು ಕಂಡರೆ ತಡೆಯಿರಿ. ಈ ಬೆಟ್ಟಗಳಲ್ಲಿ ಇವತ್ತಿಗೂ ಮಳೆಗಾಗಿ ಹರಕೆ ಹೊರುವ ಎನ್ಜೆಲೆಲೆಯಂಥ ದೈವದ ತಾಣಗಳಿವೆ. ಗೈಡ್ ಬೇಡವೆಂದ ಕಡೆ ಹೋಗಬೇಡಿ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಣ ಹವೆ, ಪ್ರಾಣಿಗಳು ಸುಲಭವಾಗಿ ಕಾಣುತ್ತವೆ. ಜೂನ್-ಜುಲೈಯಲ್ಲಿ ರಾತ್ರಿ ಚಳಿ ಕೊರೆಯುತ್ತದೆ, ಅಮ್ಮನಿಗೆ ಸ್ವೆಟರ್, ಶಾಲು ಎರಡೂ ಇರಲಿ. ಬುಲವಾಯೊದಲ್ಲಿ ಉಳಿದುಕೊಂಡು ದಿನಕ್ಕೊಮ್ಮೆ ಓಡಿಬರುವ ಬದಲು ಬೆಟ್ಟಗಳ ನಡುವಿನ ಲಾಡ್ಜ್‌ನಲ್ಲೇ ಎರಡು-ಮೂರು ರಾತ್ರಿ ತಂಗಿ. ಬೆಳಗಿನ ಓರೆ ಬಿಸಿಲಿನಲ್ಲಿ ಹದ್ದುಗಳು ಹಾರುವ ಹೊತ್ತಿಗೆ ನೀವು ಅಲ್ಲೇ ಇರಬೇಕು.